ಬದುವಿನ ಆಚೆಯವನ ಹೆಸರು

ರೋಣ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ‘ದೊಡ್ಡಪ್ಪನ ಮಗ ಬದು ಒತ್ತಿ ನಮ್ಮ ಹೊಲದೊಳಗೆ ನಾಲ್ಕು ಸಾಲು ಬಂದಿದ್ದಾನೆ. ಕೇಸು ಹಾಕಿದ್ದೇನೆ. ವೈರಿಗಾಗಿ ಪ್ರಾರ್ಥಿಸು ಅಂತ ಸಭಾಪಾಲಕರು ಹೇಳುತ್ತಾರೆ. ಮೊಣಕಾಲೂರಿದರೆ ಅವನ ಹೆಸರೇ ಬಾಯಿಗೆ ಬರುವುದಿಲ್ಲ. ಕೇಸು ವಾಪಸು ತಗೊಳ್ಳಬೇಕೇ?’

ಸಹೋದರರೇ,

ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಮಣ್ಣು ಕಳೆದುಕೊಂಡವರಿಗೆ ಬರೀ ಬೈಬಲ್ ವಾಕ್ಯ ಬರೆದು ಕಳಿಸಲು ಮನಸ್ಸಾಗಲಿಲ್ಲ.

ಕೇಸಿನ ಮಾತು ಮೊದಲು. ಮಹಾಯಾಜಕನ ಎದುರು ಕೆನ್ನೆಗೆ ಏಟು ಬಿದ್ದಾಗ ಯೇಸುಸ್ವಾಮಿ ‘ಯಾಕೆ ಹೊಡೆಯುತ್ತೀ?’ ಎಂದು ಕೇಳಿದರು (ಯೋಹಾನ 18:23). ಅಪೊಸ್ತಲ ಪೌಲನು ತನ್ನ ವಿಚಾರಣೆಯಲ್ಲಿ ರೋಮಿನ ಚಕ್ರವರ್ತಿ ಕೈಸರನಿಗೇ ಮೊರೆಯಿಟ್ಟ. ಬಾಂದುಕಲ್ಲು ಇದ್ದಲ್ಲೇ ಇರಲಿ ಎನ್ನುವುದು ದ್ವೇಷವಲ್ಲ. ಇಬ್ಬರೂ ಒಂದೇ ಸಭೆಯವರಾದರೆ ಮಾತ್ರ ಮೊದಲು ಹಿರಿಯರ ಮುಂದೆ ಕೂತು ನೋಡಿ. ಕೊರಿಂಥದ ಸಭೆಯವರಿಗೆ ಬರೆದ ಪತ್ರದಲ್ಲಿ ಪೌಲ ಹೇಳಿದ್ದು ಅದನ್ನೇ. ಒಳಂಗಿಗಾಗಿ ವ್ಯಾಜ್ಯವಾಡುವವನಿಗೆ ಮೇಲಂಗಿಯನ್ನೂ ಬಿಡು ಎಂಬ ಯೇಸುಸ್ವಾಮಿಯ ಮಾತು ನನ್ನನ್ನು ಇವತ್ತಿಗೂ ಕಾಡುತ್ತದೆ. ಆದರೆ ನಿಮ್ಮ ಮಕ್ಕಳ ಅನ್ನವನ್ನು ಬಿಟ್ಟುಕೊಡಿ ಎನ್ನಲು ನನಗೆ ಬಾಯಿ ಬಾರದು.

ಪ್ರೀತಿ ಎಂದರೆ ಅವನನ್ನು ಕಂಡೊಡನೆ ಮನಸ್ಸು ಅರಳಬೇಕು ಅಂತಲ್ಲ. ವಿಮೋಚನಕಾಂಡ 23 ತೆಗೆದು ನೋಡಿ. ವೈರಿಯ ಎತ್ತು ದಾರಿ ತಪ್ಪಿದ್ದು ಕಂಡರೆ ಹೊಡೆದುಕೊಂಡು ಹೋಗಿ ಒಪ್ಪಿಸು, ಹಗೆಯವನ ಕತ್ತೆ ಹೊರೆಯಡಿ ಬಿದ್ದಿದ್ದರೆ ಕೈಕೊಟ್ಟು ಎಬ್ಬಿಸು ಎಂದಿದೆ. ಮನಸ್ಸು ಆಮೇಲೆ ಬಂದೀತು, ಮೊದಲು ಎತ್ತು ಕೊಟ್ಟಿಗೆ ಸೇರಬೇಕು. ಮತ್ತಾಯ 5ರಲ್ಲಿ ಯೇಸುಸ್ವಾಮಿ ‘ವೈರಿಯನ್ನು ಪ್ರೀತಿಸು’ ಎಂದಾಗ ಕೊಟ್ಟ ಕಾರಣವೂ ನಿಮ್ಮ ಹೊಲದ್ದೇ: ತಂದೆ ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆ. ನಿಮ್ಮ ಹೆಸರುಕಾಳಿನ ಪೈರಿಗೆ ಬಿದ್ದ ಮಳೆ ಬದು ನೋಡಿ ನಿಂತಿತೇ?

ಬೆಟಗೇರಿಯಲ್ಲಿ ನಮ್ಮಪ್ಪ ಮಗ್ಗ ನಡೆಸುತ್ತಿದ್ದರು. ನೂಲಿನ ಲೆಕ್ಕದಲ್ಲಿ ಒಬ್ಬರು ಮೋಸ ಮಾಡಿದರು. ಎರಡು ಮಗ್ಗ ಮಾರಬೇಕಾಯಿತು. ರಾತ್ರಿ ಪ್ರಾರ್ಥನೆಯಲ್ಲಿ ಅವ್ವ ನಮ್ಮೆಲ್ಲರ ಹೆಸರು ಹೇಳುತ್ತಿದ್ದಳು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಸುಮ್ಮನಾಗುತ್ತಿದ್ದಳು. ನಾವು ಕಣ್ಣು ಬಿಟ್ಟು ಕಾಯುತ್ತಿದ್ದೆವು. ಒಂದು ರಾತ್ರಿ ಬಾಯಿಂದ ಬಂದದ್ದು ಇಷ್ಟೇ: ‘ಅವನ ಮಗಳ ಜ್ವರಾ ಇಳಸಪಾ ತಂದಿ.’ ಅವನ ಹೆಸರು ಬರಲು ವರ್ಷವೇ ಹಿಡಿಯಿತು. ಬಾಕಿ ಕೇಳುವುದನ್ನು ಮಾತ್ರ ಅಪ್ಪ ಬಿಡಲಿಲ್ಲ, ಅವ್ವನೂ ಬೇಡ ಅನ್ನಲಿಲ್ಲ.

ನೀವೂ ಅಲ್ಲಿಂದಲೇ ಶುರು ಮಾಡಿ. ಅವನ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾವ ಎತ್ತು ಕುಂಟುತ್ತಿದೆ ಎಂಬುದು ಪಕ್ಕದ ಹೊಲದವರಾದ ನಿಮಗೆ ಗೊತ್ತಿರುತ್ತದೆ. ಅದನ್ನೇ ದೇವರ ಮುಂದಿಡಿ. ತಾರೀಖಿಗೆ ಕೋರ್ಟಿಗೂ ಹೋಗಿ. ಮುಂದಿನ ತಾರೀಖು ಯಾವತ್ತು ಎಂದು ಒಂದು ಕಾರ್ಡು ಹಾಕಿ, ಅವನ ಹೆಸರನ್ನೂ ಬರೆಯಿರಿ. ಹಿಂದಿನ ರಾತ್ರಿ ನಿಮ್ಮಿಬ್ಬರಿಗಾಗಿಯೂ ಪ್ರಾರ್ಥಿಸುತ್ತೇನೆ.

— ಸಂಪಾದಕ