ಪೀಪಾಯಿಯ ವಿಸ್ಕಿ, ಮಾಪಕದ ಓದು ಮತ್ತು ಚೀಟಿಯ ಮೇಲಿನ ಅಂಕಿ

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಅಳಿಯ ತಂದುಕೊಟ್ಟ, ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ ವಿಸ್ಕಿಯ ಬಾಟಲಿಯ ಮೇಲೆ ಆಲ್ಕೋಹಾಲ್ ಶೇ. 46 ಎಂದು ಅಚ್ಚಾಗಿದೆ. ಏಪ್ರಿಲ್ ಮಧ್ಯಾಹ್ನ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸೊನ್ನೆಯಿಂದ ನೂರರವರೆಗೆ ಗೆರೆಗಳಿರುವ ಆಲ್ಕೋಹಾಲ್ ಮಾಪಕವನ್ನು ಅದರಲ್ಲಿ ತೇಲಿಬಿಟ್ಟಾಗ 49.4 ತೋರಿಸಿತು. ಉಷ್ಣತೆಗೆ ತಕ್ಕಂತೆ ಓದನ್ನು ತಿದ್ದುವ ಕೋಷ್ಟಕ ನೋಡಿ ತಿದ್ದಿದರೆ ಸುಮಾರು 45.6 ಬಂತು. ಬಾಟಲಿಯಲ್ಲಿ ನೀರು ಬೆರೆತಿದೆಯೇ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಈ ಅಂಕಿಗಳಿಂದ ಹಾಗೆ ಹೇಳಲು ಬರುವುದಿಲ್ಲ. ಉಷ್ಣತೆಯನ್ನು ಬರೆದಿಟ್ಟು, ಕೋಷ್ಟಕ ನೋಡಿ ತಿದ್ದಿದ್ದೀರಿ. ಬಹಳ ಜನ ಎಡವುವುದು ಅಲ್ಲಿಯೇ. ನಿಮ್ಮ ಮಾಪಕಕ್ಕೆ ಗೆರೆ ಎಳೆದಿರುವುದು 20 ಡಿಗ್ರಿಗೆ. ಬಿಸಿಯಾದ ದ್ರವ ಹಿಗ್ಗಿ ಹಗುರಾಗುವುದರಿಂದ ಮಾಪಕ ಹೆಚ್ಚು ಆಳಕ್ಕೆ ಇಳಿಯುತ್ತದೆ, ಓದು ಹೆಚ್ಚಾಗುತ್ತದೆ. ಈ ತೀವ್ರತೆಯ ಮದ್ಯದಲ್ಲಿ ಪ್ರತಿ ಡಿಗ್ರಿಗೆ ಶೇ. 0.4ರ ಸಮೀಪ ವ್ಯತ್ಯಾಸ ಬೀಳುತ್ತದೆಂದರೆ ನಮ್ಮ ಕಡೆಯ ಬೇಸಿಗೆಯಲ್ಲಿ ತಿದ್ದದ ಓದಿಗೆ ಬೆಲೆಯೇ ಇಲ್ಲ.

ಉಳಿದಿರುವುದು 0.4ರ ಕೊರತೆ. ಮಾಪಕ ಆಲ್ಕೋಹಾಲನ್ನು ಅಳೆಯುವುದಿಲ್ಲ, ದ್ರವದ ಸಾಂದ್ರತೆಯನ್ನಷ್ಟೇ ಅಳೆಯುತ್ತದೆ. 20 ಡಿಗ್ರಿಯಲ್ಲಿ ಒಂದು ಮಿಲಿಲೀಟರ್ ನೀರು 0.998 ಗ್ರಾಂ ತೂಗಿದರೆ ಶುದ್ಧ ಆಲ್ಕೋಹಾಲ್ 0.789 ಗ್ರಾಂ ತೂಗುತ್ತದೆ. ಇವೆರಡನ್ನು ಬಿಟ್ಟು ದ್ರವದಲ್ಲಿ ಬೇರೇನೂ ಇಲ್ಲವೆಂಬ ನಂಬಿಕೆಯ ಮೇಲೆ ಆ ಕೋಷ್ಟಕಗಳು ನಿಂತಿವೆ. ಪೀಪಾಯಿಗೆ ತುಂಬುವ ಹೊತ್ತಿಗೆ ನೀರಿನಂತೆ ತಿಳಿಯಾಗಿದ್ದ ಮದ್ಯದ ಮಟ್ಟಿಗೆ ಈ ನಂಬಿಕೆ ಸರಿಯೇ. ಆದರೆ ವರ್ಷಗಟ್ಟಲೆ ಒಳಗಿದ್ದಾಗ ಸುಟ್ಟ ಓಕ್ ಮರದಿಂದ ಟ್ಯಾನಿನ್, ಸಕ್ಕರೆ, ಬಣ್ಣದ ಪದಾರ್ಥಗಳು ಕರಗಿ ಬರುತ್ತವೆ. ಕೆಲವು ತಯಾರಕರು ಬಣ್ಣಕ್ಕಾಗಿ ಕ್ಯಾರಮೆಲ್ ಕೂಡ ಸೇರಿಸುತ್ತಾರೆ. ಇವೆಲ್ಲ ಸಾಂದ್ರತೆಯನ್ನು ಏರಿಸುವುದರಿಂದ ಮಾಪಕ ಮೇಲೆ ತೇಲಿ, ಇರುವ ಆಲ್ಕೋಹಾಲಿಗಿಂತ ಕಡಿಮೆ ತೋರಿಸುತ್ತದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ಬೆಂಗಳೂರಿನಂಥ ಊರಿನಲ್ಲಿ ಅದು ಶೇ. 10ನ್ನು ದಾಟುತ್ತದೆ. ಆವಿಯಾಗಿ ಹೋಗುವುದು ನೀರು ಮತ್ತು ಆಲ್ಕೋಹಾಲ್. ಕರಗಿದ ಘನಪದಾರ್ಥ ಹಿಂದೆ ಉಳಿದು, ಮಿಕ್ಕ ಮದ್ಯದಲ್ಲಿ ದಟ್ಟವಾಗುತ್ತದೆ.

ಎಷ್ಟು ಘನಪದಾರ್ಥವಿದೆ ಎಂಬುದನ್ನು ಶಾಲೆಯ ಪ್ರಯೋಗಾಲಯದಲ್ಲಿಯೇ ಕಂಡುಕೊಳ್ಳಬಹುದು. ತೂಕ ಮಾಡಿಟ್ಟ ಪಿಂಗಾಣಿ ಬಟ್ಟಲಿಗೆ ಪಿಪೆಟ್‌ನಿಂದ 25 ಮಿ.ಲೀ. ವಿಸ್ಕಿ ಹಾಕಿ, ವಾಟರ್ ಬಾತ್ (ಬಿಸಿನೀರಿನ ಪಾತ್ರೆ) ಮೇಲೆ ಆವಿಯಾಗಿಸಿರಿ. ಈ ತೀವ್ರತೆಯ ಮದ್ಯದ ಆವಿಗೆ ಥಟ್ಟನೆ ಬೆಂಕಿ ಹತ್ತುತ್ತದೆ, ಆದ್ದರಿಂದ ತೆರೆದ ಉರಿ ಹತ್ತಿರ ಇರಕೂಡದು. ತಳದಲ್ಲಿ ಜೋನಿಬೆಲ್ಲ ಒಣಗಿದಂಥ ಕಂದು ಪದರವೊಂದು ಅಂಟಿಕೊಳ್ಳುತ್ತದೆ. ಬಟ್ಟಲನ್ನು ಓವನ್‌ನಲ್ಲಿ 100 ಡಿಗ್ರಿಯಲ್ಲಿ ಒಣಗಿಸಿ, ಆರಿಸಿ, ಮತ್ತೆ ತೂಗಿರಿ. ಲೀಟರಿಗೆ ಒಂದು ಗ್ರಾಂ ಘನಪದಾರ್ಥಕ್ಕೆ ಓದು ಸುಮಾರು ಶೇ. 0.2ರಷ್ಟು ತಗ್ಗುತ್ತದೆ. ನಿಮ್ಮ ಬಟ್ಟಲಿನಲ್ಲಿ 40 ಮಿಲಿಗ್ರಾಂ ಉಳಿದರೆ ಲೀಟರಿಗೆ 1.6 ಗ್ರಾಂ ಆಯಿತು; 0.3ರಷ್ಟು ಕೊರತೆಗೆ ಕಾರಣ ಅಲ್ಲಿಯೇ ಸಿಕ್ಕಂತೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಸೊನ್ನೆಯಿಂದ ನೂರರವರೆಗಿನ ಮಾಪಕದಲ್ಲಿ ಗೆರೆಗಳಿರುವುದು ಒಂದೊಂದು ಅಂಶಕ್ಕೆ. 49.4ರಲ್ಲಿ 49ನ್ನು ಮಾಪಕ ಹೇಳಿದೆ, .4 ನಿಮ್ಮ ಕಣ್ಣಿನ ಅಂದಾಜು. ನೀವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ ಇರುವಾಗ ಈ ಮಾಪಕ ಸಾಲದು. 40ರಿಂದ 50ರವರೆಗಷ್ಟೇ ಅಳೆಯುವ, ಹತ್ತನೇ ಒಂದಂಶಕ್ಕೂ ಗೆರೆಯಿರುವ ಮಾಪಕ ಬೇಕು. ಅದರ ದಂಡಕ್ಕೆ ಬೆರಳಿನ ಜಿಡ್ಡು ಅಂಟಿರಬಾರದು, ಗುಳ್ಳೆ ಕೂತಿರಬಾರದು, ಗಾಜಿನ ಗೋಡೆಗೆ ತಾಗಿರಬಾರದು. ದಂಡದ ಸುತ್ತ ದ್ರವ ಸ್ವಲ್ಪ ಮೇಲೇರಿ ನಿಲ್ಲುತ್ತದೆ. ಆ ಅಂಚನ್ನು ಬಿಟ್ಟು, ಕಣ್ಣನ್ನು ದ್ರವದ ಮಟ್ಟಕ್ಕೆ ಇಳಿಸಿ, ಸಮತಲದ ಗೆರೆಯನ್ನೇ ಓದಬೇಕು.

ಖಚಿತವಾದ ಅಂಕಿ ಬೇಕೆಂದರೆ ಬಟ್ಟಿ ಇಳಿಸಿಯೇ ಅಳೆಯಬೇಕು. ಮನೆಯಲ್ಲಿ ಇದಕ್ಕೆ ಕೈಹಾಕಬೇಡಿರಿ. ಪರವಾನಗಿ ಇಲ್ಲದೆ ಮದ್ಯ ಬಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ಇದು ಮಾನ್ಯತೆ ಪಡೆದ ಪ್ರಯೋಗಾಲಯದ ಕೆಲಸ. ಅಲ್ಲಿ 20 ಡಿಗ್ರಿಗೆ ತಂದ 100 ಮಿ.ಲೀ. ವಿಸ್ಕಿಗೆ ನೀರು ಸೇರಿಸಿ ಬಟ್ಟಿ ಇಳಿಸುತ್ತಾರೆ. ಆಲ್ಕೋಹಾಲೆಲ್ಲ ಆಚೆ ಬಂದು, ಮರದ ಅಂಶ ಕೆಳಗೆ ಉಳಿಯುತ್ತದೆ. ಇಳಿದುಬಂದದ್ದಕ್ಕೆ ಶುದ್ಧ ನೀರು ಬೆರೆಸಿ, 20 ಡಿಗ್ರಿಯಲ್ಲಿ ಮತ್ತೆ ಸರಿಯಾಗಿ 100 ಮಿ.ಲೀ. ಮಾಡಿ ಸಾಂದ್ರತೆ ಅಳೆದರೆ ಕೋಷ್ಟಕದ ನಂಬಿಕೆ ಈಗ ನಿಜವಾಗಿರುತ್ತದೆ. ಎರಡೂ ಸಲ ಉಷ್ಣತೆ ಒಂದೇ ಇರಬೇಕು. ಮೊದಲ 100 ಮಿ.ಲೀ.ಯನ್ನು 30 ಡಿಗ್ರಿಯಲ್ಲಿ, ಎರಡನೆಯದನ್ನು 20ರಲ್ಲಿ ಅಳೆದರೆ ಹಿಗ್ಗಿನ ತಪ್ಪೇ ಶೇ. 0.35ರ ಆಸುಪಾಸು ಬಂದು, ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ನನಗೇ ಇದರಲ್ಲಿ ಪೆಟ್ಟು ಬಿದ್ದಿದೆ. ಒಂದು ಮೇ ತಿಂಗಳಿನಲ್ಲಿ ವಿದ್ಯಾರ್ಥಿಗಳೊಂದಿಗೆ ಮೂರು ಸಲ ಬಟ್ಟಿ ಇಳಿಸಿದರೂ ಪ್ರತಿ ಸಲವೂ ಅಂಕಿ ಕಡಿಮೆ ಬಂತು. ಆವಿಯನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರಿಗೆ ಹೋಗುತ್ತಿದ್ದ ನೀರನ್ನು ಮುಟ್ಟಿ ನೋಡಿದರೆ ಸ್ನಾನಕ್ಕೆ ಕಾಸಿದಂತಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಮಲಪ್ರಭೆಯ ನೀರನ್ನು ತಾರಸಿಯ ಟಾಕಿಯಲ್ಲಿ ತುಂಬಿಟ್ಟಿದ್ದೆವು. ಬಿಸಿಲಿಗೆ ಕಾದ ಆ ನೀರಿನಿಂದ ಆವಿ ಪೂರ್ತಿ ತಣಿಯದೆ ಆಲ್ಕೋಹಾಲ್ ಗಾಳಿಗೆ ಹೋಗುತ್ತಿತ್ತು. ಬಕೆಟಿನಲ್ಲಿ ಮಂಜುಗಡ್ಡೆ ಹಾಕಿ, ಸಣ್ಣ ಪಂಪಿನಿಂದ ಆ ನೀರನ್ನೇ ತಿರುಗಿಸಿ, ಶೇಖರಣೆಯ ಫ್ಲಾಸ್ಕನ್ನೂ ಮಂಜುಗಡ್ಡೆಯಲ್ಲಿ ಇಟ್ಟ ಮೇಲೆ ಫಲಿತಾಂಶಗಳು ಒಂದಕ್ಕೊಂದು ತಾಳೆಯಾದವು. ದೊಡ್ಡ ಪ್ರಯೋಗಾಲಯಗಳ ಡಿಜಿಟಲ್ ಸಾಂದ್ರತಾಮಾಪಕ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಅಳೆಯುವುದು ಸಾಂದ್ರತೆಯನ್ನೇ. ಬಟ್ಟಿ ಇಳಿಸದ ವಿಸ್ಕಿ ಹಾಕಿದರೆ ನಿಮ್ಮ ಮಾಪಕ ಮಾಡಿದ ತಪ್ಪನ್ನೇ ಅದು ಇನ್ನೂ ಹೆಚ್ಚು ದಶಾಂಶಗಳಲ್ಲಿ ತೋರಿಸುತ್ತದೆ.

ಪ್ರಶ್ನೆ: ನಮ್ಮಲ್ಲಿ ಮಾರುವ ಬಾಟಲಿಗಳ ಮೇಲೆ ಶೇ. 42.8 ಎಂದೂ ಜೊತೆಗೆ 25 ಯು.ಪಿ. ಎಂದೂ ಇರುತ್ತದೆ. ಇವೆರಡರ ಸಂಬಂಧವೇನು?
– ಓದುಗರು, ಬೆಟಗೇರಿ, ಗದಗ

ಉತ್ತರ: ಎರಡೂ ಒಂದೇ ಅಳತೆ. ಬ್ರಿಟಿಷರ ಹಳೆಯ ಪದ್ಧತಿಯಲ್ಲಿ ಗಾತ್ರದ ಲೆಕ್ಕದಲ್ಲಿ ಶೇ. 57ಕ್ಕೆ ಸ್ವಲ್ಪ ಮೇಲ್ಪಟ್ಟ ಆಲ್ಕೋಹಾಲ್ ಇರುವ ಮದ್ಯವನ್ನು 'ಪ್ರೂಫ್' ಎಂದು ಕರೆದು, ಅದನ್ನು 100 ಎಂದು ಹಿಡಿಯುತ್ತಿದ್ದರು. ಅದಕ್ಕಿಂತ 25 ಅಂಶ ಕೆಳಗಿರುವುದು 25 ಅಂಡರ್ ಪ್ರೂಫ್, ಅಂದರೆ 57ರ ಮುಕ್ಕಾಲು ಪಾಲು; ಅದೇ 42.8. ಅಮೆರಿಕದ ಬಾಟಲಿಗೆ ಈ ಲೆಕ್ಕ ಹಚ್ಚಬೇಡಿರಿ. ಅಲ್ಲಿಯ ಪ್ರೂಫ್ ಶೇಕಡಾವಾರಿನ ಎರಡರಷ್ಟಾದ್ದರಿಂದ 90 ಪ್ರೂಫ್ ಎಂದು ಬರೆದಿದ್ದರೆ ಒಳಗಿರುವುದು ಶೇ. 45.