ಅಣಶಿಯಲ್ಲಿ ಹತ್ತುವಂಥ ಶಿಖರ ಯಾವುದು?

ಕುದುರೆಮುಖದ ಹಾಗೆ ಅಣಶಿ ರಾಷ್ಟ್ರೀಯ ಉದ್ಯಾನದಲ್ಲೂ ದೊಡ್ಡ ಶಿಖರ ಇದೆಯಾ, ಅಲ್ಲಿನ ಬೆಟ್ಟಸಾಲು ಹೇಗಿದೆ ಅಂತ ಕೇಳಿದ್ದೀರಿ. ನಾನು ಕಾರವಾರದವನು. ಜೋಯಿಡಾ ಕಡೆ ನೆಂಟರಿರುವುದರಿಂದ ಅಣಶಿ ಘಟ್ಟವನ್ನು ಎಷ್ಟು ಸಲ ಹತ್ತಿಳಿದಿದ್ದೇನೋ ಲೆಕ್ಕವಿಲ್ಲ. ಬೆರಳು ತೋರಿಸಿ ಹೆಸರು ಹೇಳುವಂಥ ಶಿಖರ ಅಲ್ಲಿಲ್ಲ.

ಕುದುರೆಮುಖ 1800 ಮೀಟರ್ ದಾಟುತ್ತದೆ. ಅಣಶಿಯ ಗುಡ್ಡಗಳು ಸಾವಿರವನ್ನೂ ಮುಟ್ಟುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬರುವಷ್ಟರಲ್ಲಿ ಸಹ್ಯಾದ್ರಿ ತಗ್ಗಿಬಿಟ್ಟಿರುತ್ತದೆ. ಹಾಗಂತ ಸಣ್ಣದು ಅಂದುಕೊಳ್ಳಬೇಡಿ. ಹತ್ತುವುದು ಸಮುದ್ರದ ಮಟ್ಟದಿಂದಲೇ ಅಲ್ಲವೇ!

ಇಲ್ಲಿಯ ಎತ್ತರ ಅರ್ಥವಾಗಬೇಕಾದರೆ ಬೆಟ್ಟ ಬಿಟ್ಟು ಕಾಳಿ ನದಿಯನ್ನು ನೋಡಬೇಕು. ಅದು ಜೋಯಿಡಾದ ಡಿಗ್ಗಿ ಹತ್ತಿರ ಹುಟ್ಟಿ, ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹೊರಡುತ್ತದೆ. ದಾಂಡೇಲಿ ದಾಟಿದ ಮೇಲೆ ತಿರುಗಿ, ಘಟ್ಟ ಕೊರೆದುಕೊಂಡು, ಒಟ್ಟು 184 ಕಿ.ಮೀ. ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಅಣಶಿ, ಕುಂಬಾರವಾಡ, ಉಳವಿ ಎಲ್ಲ ಈ ಬಳಸಿನ ಹೊಟ್ಟೆಯೊಳಗೇ ಬರುತ್ತವೆ. ಗಣೇಶಗುಡಿಯ ಸೂಪಾ ಅಣೆಕಟ್ಟು ತುಂಬಿದಾಗ ನೀರು ಸಮುದ್ರಮಟ್ಟಕ್ಕಿಂತ 564 ಮೀಟರ್ ಮೇಲೆ ನಿಂತಿರುತ್ತದೆ. ಅದೇ ಹೊಳೆ, ಕೆಳಗೆ ಕದ್ರಾ ಅಣೆಕಟ್ಟಿನಲ್ಲಿ ತುಂಬಿದರೂ 34.5 ಮೀಟರ್. ನಡುವಿನ ಐನೂರು ಚಿಲ್ಲರೆ ಮೀಟರ್ ಇದೆಯಲ್ಲ, ನೀವು ಕೇಳಿದ ಬೆಟ್ಟ ಅದೇ. ಆ ಇಳಿತದ ದೊಡ್ಡ ಪಾಲು ಬೊಮ್ಮನಹಳ್ಳಿ ಜಲಾಶಯದ ಕೆಳಗಿದೆ. ಅದಕ್ಕೇ ಅಲ್ಲಿಂದ ಸುರಂಗದಲ್ಲಿ ನೀರು ತಂದು ನಾಗಝರಿ ವಿದ್ಯುದಾಗಾರಕ್ಕೆ ಬೀಳಿಸುವುದು.

ರಸ್ತೆಯಲ್ಲೂ ಇದೇ ಅನುಭವ. ಕದ್ರಾ ದಾಟಿದ ಮೇಲೆ ಬಸ್ಸು ಏದುಸಿರು ಬಿಡುತ್ತ ತಿರುವು ತಿರುವಾಗಿ ಏರುತ್ತದೆ. ಒಂದು ಕಡೆ ಕೊಳ್ಳ, ಇನ್ನೊಂದು ಕಡೆ ಗುಡ್ಡದ ಗೋಡೆ. ಇನ್ನೇನು ತುದಿ ಬಂತು, ಆಚೆ ಇಳಿಜಾರು ಅಂದುಕೊಂಡರೆ ಇಳಿಜಾರೇ ಇಲ್ಲ! ಕಾಡು, ಸಣ್ಣ ಸಣ್ಣ ದಿಬ್ಬ, ತಗ್ಗಿನಲ್ಲಿ ಗದ್ದೆ, ಕುಣಬಿ ಸಮುದಾಯದವರ ನಾಲ್ಕಾರು ಮನೆ. ಘಟ್ಟ ಅಂದರೆ ಒಂದು ಅಂಚು ಅಷ್ಟೇ. ದೂರದಿಂದ ಬೆಟ್ಟಸಾಲಿನಂತೆ ಕಾಣುವುದು ಆ ಅಂಚನ್ನು ಹೊಳೆ-ಹಳ್ಳಗಳು ಕಡಿದು ಉಳಿಸಿದ ಮೂಗುಗಳು.

1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡು ಈಗ ಕಾಳಿ ಹುಲಿ ಮೀಸಲು ಪ್ರದೇಶದ ಭಾಗ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡಬೇಡಿ. ಜುಲೈಯಲ್ಲಂತೂ ಬರಲೇಬೇಡಿ: ಗುಡ್ಡ ಜರಿದು ರಸ್ತೆ ಬಂದ್ ಆಗುವುದುಂಟು, ಆಗದಿದ್ದರೂ ಮಂಜಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣುವುದಿಲ್ಲ. ಮಳೆ ಹೋದ ಮೇಲೆ ಬನ್ನಿ.

ಹತ್ತಲೇಬೇಕು ಅನ್ನುವ ಹಟವಿದ್ದರೆ ಕಾರವಾರದ ಬೆನ್ನಿಗೇ, ಉದ್ಯಾನದ ಹೊರಗೆ, ಗುಡ್ಡೆಹಳ್ಳಿ ಬೆಟ್ಟ ಇದೆ. ಮೇಲೆ ನಿಂತರೆ ಸಮುದ್ರ ಕಾಣುತ್ತದೆ. ನೀರಿನ ಬಾಟಲಿ ಕೆಳಗಿನಿಂದಲೇ ತುಂಬಿಸಿಕೊಂಡು ಹೊರಡಿ.