ಪತ್ತೇದಾರಿ ಪ್ರಶ್ನೋತ್ತರ: ಹಾಲು ಕುಡಿಯುವ ಹಾವು, ಎರಡು ಸಲ ಬಂದ ಪುಟ

ಪ್ರಶ್ನೆ: ಷರ್ಲಾಕ್ ಹೋಮ್ಸ್ ಓದಲು ಮೊದಲ ಕಾದಂಬರಿಯನ್ನೇ ಹಿಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಕಥೆ ಅಮೆರಿಕಕ್ಕೆ ಹೋಯಿತು, ಹೋಮ್ಸ್ ಪತ್ತೆಯೇ ಇಲ್ಲ. ಎಲ್ಲಿಂದ ಶುರು ಮಾಡಬೇಕಿತ್ತು? (ಶಿವಮೊಗ್ಗ)

ಉತ್ತರ: 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಇರುವುದೇ ಹಾಗೆ. ಎರಡನೇ ಭಾಗದ ಮೊದಲ ಐದು ಅಧ್ಯಾಯ ಯೂಟಾದಲ್ಲೇ ನಡೆಯುತ್ತವೆ. ಹೋಮ್ಸ್‌ನ ರುಚಿ ಹತ್ತಿದ ಮೇಲೆ ಓದಿದರೆ ಆ ಭಾಗವೂ ಸಹ್ಯ. ಮೊದಲು ಕೈಗೆತ್ತಿಕೊಳ್ಳಬೇಕಾದ್ದು 1892ರ ‘ಅಡ್ವೆಂಚರ್ಸ್’ ಸಂಕಲನ. ಅದರಲ್ಲಿರುವುದು 12 ಕಥೆ, ಒಂದೊಂದಕ್ಕೂ ಗಂಟೆಯೊಳಗಿನ ಓದು. ಎರಡನೆಯದಾದ ‘ದಿ ರೆಡ್-ಹೆಡೆಡ್ ಲೀಗ್’ನಿಂದಲೇ ಆರಂಭಿಸಿದರೂ ನಷ್ಟವಿಲ್ಲ. ಆಮೇಲೆ ‘ದಿ ಸೈನ್ ಆಫ್ ಫೋರ್’, ‘ಮೆಮೊಯರ್ಸ್’, ‘ಬಾಸ್ಕರ್‌ವಿಲ್ಸ್’ ಕಾದಂಬರಿ, ‘ರಿಟರ್ನ್’. ಈ ಸಾಲಿನಲ್ಲಿ ಹಿಂದುಮುಂದು ಮಾಡಬಾರದ ಜಾಗ ಒಂದೇ: ‘ಮೆಮೊಯರ್ಸ್’ನ ಕೊನೆಯ ಕಥೆ ಓದದೆ ‘ರಿಟರ್ನ್’ ತೆರೆಯಬೇಡಿ. 1893ರ ಆ ಕಥೆ ಓದಿದವರು 1903ರವರೆಗೆ ಕಾದಿದ್ದರು. ನೀವು ಒಂದು ವಾರವಾದರೂ ಕಾಯಿರಿ. 1927ರ ‘ಕೇಸ್-ಬುಕ್’ ಕಟ್ಟಕಡೆಗೆ ಇರಲಿ, ಅದರಲ್ಲಿ ಹಳೆಯ ಕಸುವು ಕಡಿಮೆ.

ಪ್ರಶ್ನೆ: ನನ್ನ ಬಳಿಯ ಸಮಗ್ರ ಸಂಪುಟದಲ್ಲಿ ಎರಡು ಬೇರೆ ಕಥೆಗಳ ಆರಂಭದಲ್ಲಿ ಒಂದೇ ಸಂಭಾಷಣೆ ಇದೆ. ಮುದ್ರಣ ದೋಷವೇ? ಪುಸ್ತಕ ಬದಲಿಸಿಕೊಳ್ಳಲೇ? (ಧಾರವಾಡ)

ಉತ್ತರ: ಬದಲಿಸಬೇಡಿ, ಪುಸ್ತಕ ಸರಿಯಾಗಿಯೇ ಇದೆ. ನೀವು ಹೇಳುತ್ತಿರುವುದು ‘ದಿ ಕಾರ್ಡ್‌ಬೋರ್ಡ್ ಬಾಕ್ಸ್’ ಮತ್ತು ‘ದಿ ರೆಸಿಡೆಂಟ್ ಪೇಷೆಂಟ್’ ಕಥೆಗಳನ್ನು. ಮೊದಲನೆಯದು 1893ರ ಜನವರಿಯಲ್ಲಿ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ ಬಂತು. ‘ಮೆಮೊಯರ್ಸ್’ ಪುಸ್ತಕವಾಗುವಾಗ ಬ್ರಿಟನ್ನಿನ ಆವೃತ್ತಿಯಿಂದ ಅದನ್ನು ಕೈಬಿಟ್ಟರು. ಆದರೆ ಹೋಮ್ಸ್ ವಾಟ್ಸನ್‌ನ ಮನಸ್ಸನ್ನು ಓದುವ ಅದರ ಆರಂಭವನ್ನು ಕಳೆದುಕೊಳ್ಳಲು ಮನಸ್ಸಾಗದೆ, ಆ ಭಾಗವನ್ನು ಕಿತ್ತು ‘ರೆಸಿಡೆಂಟ್ ಪೇಷೆಂಟ್’ನ ತಲೆಗೆ ಕಟ್ಟಿದರು. 1917ರಲ್ಲಿ ಕೈಬಿಟ್ಟ ಕಥೆ ‘ಹಿಸ್ ಲಾಸ್ಟ್ ಬೋ’ ಸಂಕಲನಕ್ಕೆ ಮರಳಿತು, ತನ್ನ ಆರಂಭದ ಸಮೇತ. ಎರಡನ್ನೂ ಇದ್ದಂತೆಯೇ ಸೇರಿಸಿದ ಸಂಪುಟದಲ್ಲಿ ಭಾಗ ಎರಡು ಸಲ ಬರುತ್ತದೆ.

ಆ ಭಾಗವನ್ನು ಅದರ ಮೂಲ ಮನೆಯಲ್ಲೇ ಓದಿ. ಅಲ್ಲಿ ಆಗಸ್ಟ್‌ನ ಬಿಸಿಲು, ಅರ್ಧ ಇಳಿಸಿದ ಪರದೆ. ವಾಟ್ಸನ್ ಪತ್ರಿಕೆ ಪಕ್ಕಕ್ಕೆಸೆಯುತ್ತಾನೆ. ಕಣ್ಣು ಚೌಕಟ್ಟು ಹಾಕಿದ ಜನರಲ್ ಗಾರ್ಡನ್ ಚಿತ್ರದ ಮೇಲೆ, ಅಲ್ಲಿಂದ ಅಮೆರಿಕದ ಧರ್ಮಬೋಧಕ ಬೀಚರ್‌ನ ಚೌಕಟ್ಟಿಲ್ಲದ ಭಾವಚಿತ್ರದ ಮೇಲೆ, ಅಲ್ಲಿಂದ ಖಾಲಿ ಗೋಡೆಯ ಮೇಲೆ. ಕೊನೆಗೆ ಕೈ ಹಳೆಯ ಗಾಯದತ್ತ ಸರಿಯುತ್ತದೆ. ಇಷ್ಟನ್ನೇ ಹಿಡಿದು ಹೋಮ್ಸ್ ಅವನ ಯೋಚನೆಯ ಜಾಡು ಪೂರ್ತಿ ಹೇಳುತ್ತಾನೆ. ಎರಡನೆಯ ಕಥೆಯಲ್ಲಿ ಇದೇ ಮಾತುಕತೆ ಅಕ್ಟೋಬರ್‌ನ ಮಳೆಗೆ ಬಂದು ಬೀಳುವುದರಿಂದ ಹೊಲಿಗೆ ಎದ್ದು ಕಾಣುತ್ತದೆ.

ಪ್ರಶ್ನೆ: ‘ದಿ ಸ್ಪೆಕಲ್ಡ್ ಬ್ಯಾಂಡ್’ನಲ್ಲಿ ಬರುವ ಭಾರತದ ಹಾವು ಯಾವುದು? ಹಾವು ಹಾಲು ಕುಡಿದು, ಸಿಳ್ಳೆಗೆ ವಾಪಸು ಬರುವುದುಂಟೆ? (ಮೈಸೂರು)

ಉತ್ತರ: ಕಥೆ ಓದಿಲ್ಲದವರು ದಯವಿಟ್ಟು ಈ ಉತ್ತರ ದಾಟಿ ಮುಂದೆ ಹೋಗಿ.

ಹೋಮ್ಸ್ ಅದನ್ನು ‘ಸ್ವಾಂಪ್ ಆಡರ್’ ಎಂದು ಕರೆದು, ಭಾರತದ ಅತ್ಯಂತ ವಿಷಕಾರಿ ಹಾವು ಎನ್ನುತ್ತಾನೆ. ಆ ಹೆಸರಿನ ಹಾವು ನಮ್ಮಲ್ಲಿಲ್ಲ. ಹಾಲು ಹಾವಿನ ಆಹಾರವಲ್ಲ. ನಾಗರ ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಹೊರಗಿವಿ ಇಲ್ಲದ ಹಾವಿಗೆ ನೆಲದ ಕಂಪನ ಮತ್ತು ತಗ್ಗಿನ ಸದ್ದು ತಿಳಿಯುತ್ತದೆಯೇ ಹೊರತು, ಕೀಚಲು ಸಿಳ್ಳೆಗೆ ಓಗೊಟ್ಟು ಬರುವಂತೆ ಪಳಗಿಸುವುದು ಸಾಧ್ಯವಿಲ್ಲ. ಕಚ್ಚಿದ ಹತ್ತೇ ಸೆಕೆಂಡಿನಲ್ಲಿ ಕಥೆಯ ಖಳನಾಯಕ ಡಾಕ್ಟರ್ ಸತ್ತ ಎಂಬುದೂ ನಂಬುವಂಥದ್ದಲ್ಲ, ಅಷ್ಟು ಬೇಗ ಕೊಲ್ಲುವ ಹಾವಿನ ವಿಷವಿಲ್ಲ. ಭಾರತದಿಂದ ತರಿಸಿದ್ದೆನ್ನುವ ಬಬೂನ್ ಆಫ್ರಿಕಾ, ಅರೇಬಿಯಾದ ಪ್ರಾಣಿ. ಚೀತಾ ಮಾತ್ರ ಸರಿ, 1892ರಲ್ಲಿ ಅದು ನಮ್ಮಲ್ಲಿ ಇತ್ತು.

ಇಷ್ಟೆಲ್ಲ ತಪ್ಪಿದ್ದೂ ಕಥೆ ನಿಂತಿರುವುದು ಸುಳಿವುಗಳ ನ್ಯಾಯದಿಂದ. ಕೊಲೆ ನಡೆದ ಕೋಣೆಯನ್ನು ಮತ್ತೆ ನೋಡಿ: ನೆಲಕ್ಕೆ ಬಿಗಿದ ಮಂಚ, ಎಳೆದರೆ ಗಂಟೆಯೇ ಬಾರಿಸದ ಹಗ್ಗ, ಹೊರಗಿನ ಗಾಳಿಗಲ್ಲದೆ ಪಕ್ಕದ ಕೋಣೆಗೆ ತೆರೆದ ಗವಾಕ್ಷಿ. ಆ ಪಕ್ಕದ ಕೋಣೆಯಲ್ಲಿ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಪುಟ್ಟ ಹಾಲಿನ ತಟ್ಟೆ, ಮನೆಯಲ್ಲಿ ಬೆಕ್ಕಿಲ್ಲ. ಕುಣಿಕೆ ಹಾಕಿದ ನಾಯಿ ಚಾವಟಿ ಬೇರೆ. ಹೋಮ್ಸ್ ಕಂಡದ್ದನ್ನೆಲ್ಲ ನಮಗೂ ತೋರಿಸಿದ್ದಾನೆ. ನಾವು ಎಡವುವುದು ‘ಬ್ಯಾಂಡ್’ ಎಂಬ ಒಂದೇ ಪದದಲ್ಲಿ: ಪಟ್ಟಿ ಎಂದೂ ಆಗುತ್ತದೆ, ಗುಂಪು ಎಂದೂ ಆಗುತ್ತದೆ, ಅಂಗಳದಲ್ಲಿ ಜಿಪ್ಸಿಗಳ ಗುಂಪು ಬೀಡುಬಿಟ್ಟಿದೆ. ಕನ್ನಡಕ್ಕೆ ತರುವವರಿಗೆ ಈ ಶ್ಲೇಷೆಯೇ ಕಷ್ಟ. ಓದಿದ ಮೇಲೆ ಗ್ರನಾಡಾ ಟಿವಿಯ 1984ರ ಕಂತನ್ನು ನೋಡಿ. ಜೆರೆಮಿ ಬ್ರೆಟ್ ಕೋಣೆಯನ್ನು ಪರೀಕ್ಷಿಸುವಾಗ ಈ ವಸ್ತುಗಳನ್ನು ಒಂದೊಂದಾಗಿ ಎಣಿಸುತ್ತ ಹೋಗಿ.

ಪ್ರಶ್ನೆ: ಬೇಸಿಲ್ ರಾತ್‌ಬೋನ್ ನಟಿಸಿದ ಹಳೆಯ ಹೋಮ್ಸ್ ಚಿತ್ರಗಳು ನಮ್ಮ ಟಿವಿಯಲ್ಲಿ ಮಸುಕು, ಮುಖಗಳೆಲ್ಲ ದಪ್ಪ. 80 ನಿಮಿಷದ ಚಿತ್ರ 77ಕ್ಕೇ ಮುಗಿಯಿತು. ದೃಶ್ಯ ಕತ್ತರಿಸಿದ್ದಾರೆಯೇ? (ಮಂಗಳೂರು)

ಉತ್ತರ: ಮೂರೂ ಬೇರೆ ಬೇರೆ ತೊಂದರೆ. ಸಮಯದ್ದು ಮೊದಲು: ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿ ಓಡುವುದು 25. ಹಾಗಾಗಿ ಚಿತ್ರ ಸುಮಾರು ಶೇ 4ರಷ್ಟು ಬೇಗ ಮುಗಿಯುತ್ತದೆ, ದನಿ ತುಸು ಏರುತ್ತದೆ. 80 ನಿಮಿಷ 77 ಆಗುವುದು ಈ ಲೆಕ್ಕಕ್ಕೇ. ಏನೂ ಕತ್ತರಿಸಿಲ್ಲ. 24 ಫ್ರೇಮಿನ ಬ್ಲೂ-ರೇಯಲ್ಲಿ ಈ ವ್ಯತ್ಯಾಸ ಇರುವುದಿಲ್ಲ.

ಮುಖ ದಪ್ಪವಾಗುವುದು ನಿಮ್ಮ ಟಿವಿಯ ಸೆಟಿಂಗ್‌ನಿಂದ. ಈ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3. ಪಿಕ್ಚರ್ ಸೈಜ್‌ನಲ್ಲಿ ‘4:3’ ಆರಿಸಿ, ಎರಡು ಬದಿ ಕಪ್ಪು ಪಟ್ಟಿ ಬಂದರೆ ಸರಿಯಾಯಿತು. ಪರದೆಯ ಮೇಲೆ ಗಡಿಯಾರವೋ ಭೂತಗನ್ನಡಿಯೋ ನೇರವಾಗಿ ಕಂಡಾಗ ಅದು ದುಂಡಗಿದೆಯೇ ನೋಡಿ, ಮೊಟ್ಟೆಯಾಗಿದ್ದರೆ ಸೆಟಿಂಗ್ ಇನ್ನೂ ತಪ್ಪಿದೆ. ‘ಜೂಮ್’ ಒತ್ತಬೇಡಿ, ಚಿತ್ರದ ಕಾಲು ಭಾಗ ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದೆ. ಸುಳಿವು ಮೇಜಿನ ಮೇಲಿದ್ದರೆ ಹೋದದ್ದು ಅದೇ. ಚಲನೆಯನ್ನು ನಯಗೊಳಿಸುವ ‘ಮೋಷನ್ ಸ್ಮೂತಿಂಗ್’ ಅನ್ನೂ ಆಫ್ ಮಾಡಿಬಿಡಿ.

ಮಸುಕಿಗೆ ಕಾರಣ ಪ್ರತಿ. 1939ರಿಂದ 1946ರವರೆಗೆ ಬಂದ 14 ಚಿತ್ರಗಳಲ್ಲಿ ಮೊದಲೆರಡು ಫಾಕ್ಸ್‌ನವು, ಉಳಿದ 12 ಯೂನಿವರ್ಸಲ್‌ನವು. ಯೂನಿವರ್ಸಲ್‌ನ ನಾಲ್ಕು ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಕಳೆದುಕೊಂಡವು: ‘ಸೀಕ್ರೆಟ್ ವೆಪನ್’, ‘ದಿ ವುಮನ್ ಇನ್ ಗ್ರೀನ್’, ‘ಟೆರರ್ ಬೈ ನೈಟ್’, ‘ಡ್ರೆಸ್ಡ್ ಟು ಕಿಲ್’. ಯಾರು ಬೇಕಾದರೂ ಪ್ರತಿಯ ಪ್ರತಿ ತೆಗೆದು ಮಾರಿದ್ದರಿಂದ ಅಗ್ಗದ ಡಿಸ್ಕ್‌ಗಳ ಪಾಡು ಹೀಗೆ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಚಿತ್ರ ಸಂಗ್ರಹಾಲಯ ಪುನರುದ್ಧರಿಸಿದ ಪ್ರತಿ ಎಂದು ನಮೂದಿಸಿರುವುದನ್ನೇ ಹುಡುಕಿ. ಅದರಲ್ಲಿ ಮಂಜೂ ಬೇರೆ, ಮಸುಕೂ ಬೇರೆ ಎಂಬುದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಅಗಾಥಾ ಕ್ರಿಸ್ಟಿಯ ‘ಅಂಡ್ ದೆನ್ ದೇರ್ ವರ್ ನನ್’ ಓದಿ 1945ರ ಚಿತ್ರ ನೋಡಿದೆ. ಅಂತ್ಯವೇ ಬೇರೆ! ನಿರ್ದೇಶಕರು ಕೆಡಿಸಿದರೇ? (ಬೆಳಗಾವಿ)

ಉತ್ತರ: ರೆನೆ ಕ್ಲೇರ್ ಅವರನ್ನು ದೂರುವಂತಿಲ್ಲ. 1939ರ ಕಾದಂಬರಿಯನ್ನು 1943ರಲ್ಲಿ ರಂಗಕ್ಕೆ ತಂದಾಗ ಕ್ರಿಸ್ಟಿಯೇ ಅಂತ್ಯ ಬದಲಿಸಿದರು, ಚಿತ್ರ ಅದನ್ನು ಅನುಸರಿಸಿತು. ಪುಸ್ತಕದ ಕಠೋರ ಅಂತ್ಯವೇ ಬೇಕೆಂದರೆ 1987ರ ಸೋವಿಯತ್ ಚಿತ್ರ ನೋಡಿ. ಪುಸ್ತಕದ್ದೇ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಕ್ರಿಸ್ಟಿಯ ಪತ್ತೇದಾರಿಣಿ ಮಿಸ್ ಮಾರ್ಪಲ್ ಆಗಿ ಮಾರ್ಗರೆಟ್ ರುದರ್‌ಫೋರ್ಡ್ ನಟಿಸಿದ ಚಿತ್ರಗಳ ಮೂಲ ಕಾದಂಬರಿಗಳನ್ನು ಹುಡುಕಿದರೆ ಮಾರ್ಪಲ್ ಸಿಗುತ್ತಿಲ್ಲ. (ಹಾಸನ)

ಉತ್ತರ: 1961ರಿಂದ 1964ರ ನಡುವಿನ ನಾಲ್ಕರಲ್ಲಿ ನಿಜವಾದ ಮಾರ್ಪಲ್ ಕಾದಂಬರಿಯಿಂದ ಬಂದದ್ದು ‘ಮರ್ಡರ್ ಶೀ ಸೆಡ್’ ಒಂದೇ. ಮುಂದಿನ ಎರಡಕ್ಕೆ ಮೂಲ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರ ಪೈರೋನ ಕಾದಂಬರಿಗಳು, ‘ಮರ್ಡರ್ ಅಹಾಯ್’ ಚಿತ್ರಕ್ಕೆಂದೇ ಬರೆದ ಕಥೆ. ಪುಸ್ತಕದ ಮಾರ್ಪಲ್ ಬೇಕಿದ್ದರೆ ಜೋನ್ ಹಿಕ್ಸನ್ ಅವರ ಬಿಬಿಸಿ ಸರಣಿಗೆ ಹೋಗಿ. 1984ರಿಂದ 1992ರೊಳಗೆ 12 ಕಾದಂಬರಿಗಳೂ ಅಲ್ಲಿ ಬಂದಿವೆ.